ಹಳೇ ಕಾರಿಗೆ ದೀಪ ಕೂರಿಸುವ ಆಲ್ದೂರಿನ ತನುಜಕ್ಕ

ಮೂಡಿಗೆರೆ ಕಡೆಯ ದೇವರಮನೆ ಗುಡ್ಡದ ರಸ್ತೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮಂಜೆಂದರೆ ಅಂತಿಂಥ ಮಂಜಲ್ಲ, ಚಾಚಿದ ಕೈಯ ಬೆರಳು ಕಾಣದಷ್ಟು. ಅದರ ನಡುವೆ ಒಬ್ಬ ಹೆಂಗಸು, ತಲೆಗೆ ಉಣ್ಣೆಯ ಟೊಪ್ಪಿ, ಸೀರೆಯ ಮೇಲೆ ಗಂಡನ ಹಳೇ ಸ್ವೆಟರ್, ನಡುರಸ್ತೆಯಲ್ಲಿ ಹಿಂದು ಹಿಂದಕ್ಕೆ ಹೆಜ್ಜೆ ಇಡುತ್ತಿದ್ದಾರೆ. ಅವರೆದುರಿಗೆ ಒಂದು ಮಾರಿಸ್ ಮೈನರ್ ಕಾರು. ಅದರ ಬಂಪರಿನ ಮೇಲೆ ಎರಡು ಹಳದಿ ದೀಪಗಳು ಮಂಕಾಗಿ ಉರಿಯುತ್ತಿವೆ.

"ಸಾವಿತ್ರಮ್ಮೋರೇ, ರಸ್ತೆ ಅಂಚು ಕಾಣ್ತದಾ?"

"ಎಡಗಡೆ ಕಾಣ್ತದೆ ಮಾರಾಯ್ತಿ. ಬಲಗಡೇದು ವಾಪಸ್ ನನ್ನ ಕಣ್ಣಿಗೇ ಹೊಡೀತಿದೆ," ಎಂದು ಸ್ಟೀರಿಂಗ್ ಹಿಂದಿನಿಂದ ಉತ್ತರ ಬರುತ್ತದೆ.

ತನುಜಾ ಕಾರಿನ ಬಳಿ ಬಂದು ಮಂಡಿಯೂರುತ್ತಾರೆ. ಸ್ಪ್ಯಾನರಿನಿಂದ ನಟ್ಟನ್ನು ಒಂದಿಷ್ಟೇ ಸಡಿಲಿಸಿ, ದೀಪವನ್ನು ಅಂಗೈಯಲ್ಲಿ ಹಿಡಿದು, ಹಟ ಮಾಡುವ ಮಗುವಿನ ಗಲ್ಲ ತಗ್ಗಿಸಿದಂತೆ ತುಸು ಕೆಳಕ್ಕೆ ಬಗ್ಗಿಸುತ್ತಾರೆ. ಮತ್ತೆ ಎದ್ದು ಹಿಂದಕ್ಕೆ ನಡಿಗೆ. "ಎಲ್ಲ ಗೋಡೆ ಮುಂದೆ ನಿಲ್ಲಿಸಿ ದೀಪ ಹೊಂದಿಸ್ತಾರೆ. ಗೋಡೆಗೆ ಮಂಜಿನ ಕಷ್ಟ ಏನು ಗೊತ್ತು? ಮಂಜಿನ ದೀಪನ ಮಂಜಲ್ಲೇ ಕೇಳ್ಬೇಕು," ಎನ್ನುತ್ತಾರೆ. ಅದಕ್ಕಾಗಿಯೇ ಆಲ್ದೂರಿನ ಮನೆಯಲ್ಲಿ ಒಲೆ ಹಚ್ಚುವ ಮೊದಲೇ ಹೊರಟು ಇಲ್ಲಿಯವರೆಗೆ ಬಂದಿದ್ದಾರೆ.

ಕಾರಿನ ಒಡತಿ ಸಾವಿತ್ರಮ್ಮ ಇದೇ ಸುತ್ತಿನ ಕಾಫಿ ಬೆಳೆಗಾರ್ತಿ. ಅರವತ್ತು ದಾಟಿದರೂ ಸ್ಟೀರಿಂಗನ್ನು ಇನ್ನೊಬ್ಬರ ಕೈಗೆ ಕೊಡುವವರಲ್ಲ. ಬರುವ ಭಾನುವಾರ ಹಳೇ ಕಾರಿನವರೆಲ್ಲ ಸೇರಿ ಚಿಕ್ಕಮಗಳೂರಿನಿಂದ ಕಳಸಕ್ಕೆ ಸಾಲಾಗಿ ಹೋಗುವವರಿದ್ದಾರೆ. ಅದು ಪಂದ್ಯವಲ್ಲ, ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಆದರೆ ತನುಜಾ ಅವರ ಪಾಲಿಗೆ ಸೋಲಿದೆ. ಈ ಕಾರು ಕಳಸದ ಏರಿನಲ್ಲಿ ನಿಂತಿತೋ, ಅವರ ಶೆಡ್ಡಿನ ಬಾಗಿಲಿಗೆ ಬೀಗ ಹಾಕಿದಂತೆಯೇ.

ಈ ಕೆಲಸಕ್ಕೆ ಅವರನ್ನು ಎಳೆದದ್ದು ಮಾವ ಮಲ್ಲಿಕಾರ್ಜುನಪ್ಪ. ಕುದುರೆಮುಖದ ಗಣಿ ಕಂಪನಿಯ ಗ್ಯಾರೇಜಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು, ಗಣಿ ನಿಂತ ಮೇಲೆ ಆಲ್ದೂರಿಗೆ ಬಂದು, ಮಗ, ತನುಜಾ ಅವರ ಗಂಡ ಬಸವಪ್ರಸಾದ್‌ಗೆ ಹಾರ್ಡ್‌ವೇರ್ ಅಂಗಡಿ ಹಾಕಿಕೊಟ್ಟು, ತಾವು ಹಿಂದಿನ ಶೆಡ್ಡಿನಲ್ಲಿ ಕೂತರು. ಅಲ್ಲಿಗೆ ಎಸ್ಟೇಟುಗಳ ಹಳೇ ಕಾರುಗಳು ಒಂದೊಂದಾಗಿ ಬಂದವು. ಆಸ್ಟಿನ್, ಹಿಲ್ಮನ್, ಲ್ಯಾಂಡ್ ರೋವರ್. ಅಜ್ಜನೋ ಅಪ್ಪನೋ ಬಿಳಿ ದೊರೆಗಳಿಂದ ಕೊಂಡವು. ಕಾರಿಗೆ ಅದರ ಕಾಲದ್ದೇ ದೀಪ ಬೇಕು, ಕಾಲದ್ದೇ ಬ್ಯಾಡ್ಜ್ ಬಾರ್ ಬೇಕು ಎನ್ನುವುದು ಮಾಲೀಕರ ಹಂಬಲ. ಬ್ಯಾಡ್ಜ್ ಬಾರ್ ಎಂದರೆ ಬಂಪರಿನ ಮೇಲೆ ಅಡ್ಡಲಾಗಿ ನಿಲ್ಲುವ ಹೊಳೆಯುವ ಸರಳು. ಕ್ಲಬ್ಬು, ಬೆಳೆಗಾರರ ಸಂಘ, ಮೋಟಾರು ಸಂಘಗಳ ಬಣ್ಣಬಣ್ಣದ ಬಿಲ್ಲೆಗಳನ್ನು ಅದಕ್ಕೆ ಸಿಕ್ಕಿಸುತ್ತಾರೆ. ಬರುತ್ತಿರುವವರು ಯಾರು, ಎಷ್ಟು ದೊಡ್ಡವರು ಎಂದು ಕಾರು ಗೇಟಿಗೆ ಬರುವ ಮೊದಲೇ ಊರಿಗೆ ಗೊತ್ತಾಗಬೇಕಲ್ಲ!

ಮಾವನಿಗೆ ಕಾಫಿ ಕೊಡಲು ಶೆಡ್ಡಿಗೆ ಹೋದ ಸೊಸೆ ವೈರಿನ ತುದಿ ಹಿಡಿದುಕೊಂಡು ನಿಂತರು. ನಿಂತವರು ಅಲ್ಲೇ ಉಳಿದರು. ಮಾವನ ಕಣ್ಣು ಮಂಜಾಗುತ್ತಾ ಬಂದಂತೆ ಸ್ಪ್ಯಾನರ್ ಇವರ ಕೈಗೆ ಬಂತು. ಮಲ್ಲಿಕಾರ್ಜುನಪ್ಪ ಈಗಿಲ್ಲ, ಅವರ ಕಟ್ಟಳೆಗಳಿವೆ. ಹಳೇ ತಗಡಿಗೆ ಹೊಸ ತೂತು ಕೊರೆಯಬಾರದು. ಮೊದಲು ದೀಪ ಇದ್ದ ತೂತನ್ನು ಬಣ್ಣದ ಕೆಳಗಿನಿಂದ ಹುಡುಕಿ ತೆಗೆಯಬೇಕು, ಸಿಗದಿದ್ದರೆ ಬಂಪರಿನ ಬೋಲ್ಟಿಗೇ ಪಟ್ಟಿ ಕಟ್ಟಬೇಕು. ವೈರಿಗೆ ಪ್ಲಾಸ್ಟಿಕ್ ಕಾಣಿಸಕೂಡದು, ಹತ್ತಿಬಟ್ಟೆಯ ಸುತ್ತು ಬೇಕು. ತನುಜಾ ಕೂತು ಸುತ್ತುವ ಆ ಬಟ್ಟೆಯನ್ನು ನೋಡಿದರೆ ಕೆಲಸ ನಿನ್ನೆಯದೆಂದು ಹೇಳಲು ಯಾರಿಗೂ ಸಾಧ್ಯವಿಲ್ಲ. ಇಷ್ಟು ನಯ ಎಲ್ಲಿಂದ ಬಂತು ಎಂದರೆ, "ಹೂ ಕಟ್ಟಕ್ಕೆ ಬರ್ತದಲ್ಲ, ಅಷ್ಟು ಬಂದ್ರೆ ಸಾಕು," ಎಂದು ನಕ್ಕುಬಿಡುತ್ತಾರೆ.

ಇಂಥ ಕೈಯಿಂದಲೂ ತಪ್ಪಾಗುತ್ತದೆ. ಮೂಡಿಗೆರೆ ಕಡೆಯ ಬೆಳೆಗಾರ ದೇವರಾಜ ಗೌಡರು ಮಗಳ ಮದುವೆಗೆಂದು ತಂದೆಯ ಆಸ್ಟಿನ್ ಕಾರನ್ನು ಸಜ್ಜು ಮಾಡಿಸಿದರು. ತಂದೆಯ ಒಂದು ಫೋಟೋ ತಂದು ಮುಂದಿಟ್ಟರು. ಅದರಲ್ಲಿ ಕಾರಿನ ಮೂತಿ ತುಂಬ ಬಿಲ್ಲೆಗಳು, ಒಂದಕ್ಕೊಂದು ಅಂಟಿದಂತೆ. ಹೀಗೇ ಬೇಕು ಎಂದರು ಗೌಡರು. ಬಿಲ್ಲೆಗಳ ಹಿಂದಿರುವ, ಎಂಜಿನ್ ತಣಿಸುವ ರೇಡಿಯೇಟರಿಗೆ ಗಾಳಿ ಹೋಗಲು ಜಾಗವೆಲ್ಲಿ ಎಂದು ತನುಜಾಗೆ ಅನ್ನಿಸಿತು, ನಿಜ. "ಫೋಟೋದಲ್ಲೇ ಉಂಟಲ್ಲ, ಗೌಡ್ರ ಮುಂದೆ ನಾನೇನು ಹೇಳೋದು ಅಂತ ಸುಮ್ಮನಾದೆ," ಎನ್ನುತ್ತಾರೆ.

ಮದುವೆಯ ದಿನ ಕಳಸದ ದಾರಿಯ ಏರಿನಲ್ಲಿ ಆಸ್ಟಿನ್ ಬುಸುಗುಟ್ಟಿ ಹಬೆ ಎಬ್ಬಿಸಿ ನಿಂತುಬಿಟ್ಟಿತು. ರೇಷ್ಮೆ ಸೀರೆಯ ಮದುಮಗಳು ಧನ್ಯಾ ಕಾಫಿ ಮೂಟೆ ಹೊರುವ ಜೀಪಿನಲ್ಲಿ ಕೂತು ಮಂಟಪಕ್ಕೆ ಬಂದಳು. ಮುಹೂರ್ತ ತಪ್ಪಲಿಲ್ಲ, ಪುಣ್ಯ. ಆದರೆ ಸುದ್ದಿ ಎಸ್ಟೇಟಿನಿಂದ ಎಸ್ಟೇಟಿಗೆ ಹೋಯಿತು, ಹೋದಲ್ಲೆಲ್ಲ ಸ್ವಲ್ಪ ಉಬ್ಬಿತು. ಶೆಡ್ಡಿಗೆ ಕಾರು ಬರುವುದು ನಿಂತಿತು. ತನುಜಾ ಗೌಡರ ಮನೆಗೇ ಹೋಗಿ, "ತಪ್ಪು ನಂದೇ, ಹೊಟ್ಟೆಗೆ ಹಾಕ್ಕೊಳ್ಳಿ," ಎಂದರು. ಗೌಡರು ಬೈಯಲಿಲ್ಲ. "ಕಾಫಿ ಕುಡ್ಕೊಂಡು ಹೋಗಿ," ಎಂದರು, ಎದ್ದು ಒಳಗೆ ಹೋದರು. ಬೈದಿದ್ದರೇ ಚೆನ್ನಾಗಿತ್ತು ಎಂದು ತನುಜಾಗೆ ಇವತ್ತಿಗೂ ಅನ್ನಿಸುತ್ತದೆ.

ಆ ದಿನ ವಾಪಸ್ ಬರುವಾಗ ಗೇಟಿನ ಬಳಿ ಸಿಕ್ಕವರು ಭೂತಯ್ಯ. ಗೌಡರ ತಂದೆ ದೊಡ್ಡ ಗೌಡರ ಕಾಲದಲ್ಲಿ ಅದೇ ಆಸ್ಟಿನ್ ಓಡಿಸುತ್ತಿದ್ದ ಡ್ರೈವರ್. "ಅಲ್ಲಮ್ಮ, ಆ ಫೋಟೋ ಕ್ಲಬ್ಬಿನ ಅಂಗಳದಲ್ಲಿ ತೆಗ್ದಿದ್ದು. ಏರು ಶುರುವಾಗೋ ಮೊದ್ಲೇ ದೊಡ್ಡ ಗೌಡ್ರು ಕಾರು ನಿಲ್ಲಿಸಿ ಬಿಲ್ಲೆ ಎಲ್ಲ ಬಿಚ್ಚಿಸ್ತಿದ್ರು. ಮೇಲೆ ಹೋದ್ಮೇಲೆ ಮತ್ತೆ ಹಾಕೋದು. ನಂಗೆ ಅದೇ ಒಂದು ಕೆಲ್ಸ ಆಗಿತ್ತು," ಎಂದು ಮುದುಕ ಬೊಚ್ಚುಬಾಯಿ ತೆರೆದು ನಕ್ಕರು.

ಈ ಮಾತು ಹೇಳುವಾಗ ತನುಜಾ ಹಣೆ ಹಣೆ ಚಚ್ಚಿಕೊಳ್ಳುತ್ತಾರೆ. "ನಿಂತ ಕಾರಿನ ಫೋಟೋ ನೋಡ್ಕೊಂಡು ಓಡೋ ಕಾರಿಗೆ ಕೆಲ್ಸ ಮಾಡ್ಬಿಟ್ಟೆ ನೋಡಿ!"

ಅಂದಿನಿಂದ ಅವರು ಕೂರಿಸುವ ಬ್ಯಾಡ್ಜ್ ಬಾರ್ ಬದಲಾಗಿದೆ. ಪ್ರತಿ ಬಿಲ್ಲೆಗೂ ಎರಡು ಕಿವಿಯ ನಟ್ಟು, ಬೆರಳಲ್ಲೇ ತಿರುಗುವಂಥದ್ದು. ಬಿಚ್ಚಿದ ಬಿಲ್ಲೆಗಳು ಒಂದಕ್ಕೊಂದು ತಾಗಿ ಗೀರು ಬೀಳದಿರಲೆಂದು ಹಳೇ ಸೀರೆಯಲ್ಲಿ ಜೇಬು ಜೇಬಾಗಿ ಹೊಲಿದ ಒಂದು ಚೀಲ. ಇದನ್ನೆಲ್ಲ ಮಾಡಿಟ್ಟು ಕಾದರೂ ಕಾರು ಬರಲಿಲ್ಲ. ಕೊನೆಗೆ ಬಂದದ್ದು ಸಾವಿತ್ರಮ್ಮ ಒಬ್ಬರೇ. "ಒಂದ್ಸಲ ಸಾರು ಕೆಟ್ಟಿತು ಅಂತ ಅಡಿಗೆಯವ್ರನ್ನ ಬಿಡಿಸ್ತೀವಾ?" ಎಂಬುದು ಅವರ ವಾದ.

ಭಾನುವಾರ ಬರುತ್ತದೆ. ಚಿಕ್ಕಮಗಳೂರಿನಲ್ಲಿ ಮಾರಿಸ್ ಮೈನರ್ ಮೂತಿ ತುಂಬ ಬಿಲ್ಲೆ ಹೊತ್ತು ಸರ್ವಾಲಂಕಾರದಲ್ಲಿ ನಿಂತಾಗ ಜನ ಮುಗಿಬಿದ್ದು ಫೋಟೋ ತೆಗೆಯುತ್ತಾರೆ. ಸಾವಿತ್ರಮ್ಮನ ಪಕ್ಕದ ಸೀಟಿನಲ್ಲಿ ತನುಜಾ, ತೊಡೆಯ ಮೇಲೆ ಆ ಚೀಲ. ಏರಿನ ಬುಡಕ್ಕೆ ಬಂದಾಗ ಕಾರು ನಿಲ್ಲಿಸಿ, ಬಿಲ್ಲೆ ಬಿಚ್ಚೋಣ ಎನ್ನುತ್ತಾರೆ ತನುಜಾ. ಸಾವಿತ್ರಮ್ಮನಿಗೆ ಮನಸ್ಸಿಲ್ಲ.

"ಮೇಲೆ ಊರಿಗೆ ಊರೇ ನೋಡಕ್ಕೆ ನಿಂತಿರ್ತದೆ. ಬೋಳು ಕಾರು ತಗೊಂಡು ಹೋಗೋದಾ? ಇದೊಂದು ಏರಿಗೆ ಏನಾಗಲ್ಲ ಬಿಡು ಮಾರಾಯ್ತಿ."

ತನುಜಾ ತೊಡೆಯ ಮೇಲಿನ ಚೀಲ ನೋಡುತ್ತಾರೆ. ಯಾರೂ ನಂಬದಾಗ ನಂಬಿ ಕಾರು ಕೊಟ್ಟ ಹಿರಿಯರು. ಅವರಿಗೆ ಎದುರು ಮಾತಾಡುವುದು ಹೇಗೆ? ಗೌಡರ ಮುಂದೆ ಬಾಯಿ ಕಟ್ಟಿದಂತೆ ಇಲ್ಲಿಯೂ ಕಟ್ಟುತ್ತದೆ. ಆಮೇಲೆ ಬಾಗಿಲು ತೆರೆದು ಒಂದು ಕಾಲು ಹೊರಗಿಡುತ್ತಾರೆ.

"ಬಿಚ್ಚದೆ ಹೋಗೋದಾದ್ರೆ ನಾನು ಇಲ್ಲೇ ಇಳೀತೀನಿ ಸಾವಿತ್ರಮ್ಮೋರೇ. ಬೇಜಾರು ಮಾಡ್ಕೋಬೇಡಿ."

ಸಾವಿತ್ರಮ್ಮ ಎಂಜಿನ್ ಆರಿಸಿ, ತಾವೂ ಇಳಿಯುತ್ತಾರೆ. ಇಬ್ಬರೂ ಬಗ್ಗಿ ಬಿಲ್ಲೆ ಬಿಚ್ಚುತ್ತಿರುವಾಗ ಹಿಂದೆ ಬಂದು ನಿಂತದ್ದು ದೇವರಾಜ ಗೌಡರ ಆಸ್ಟಿನ್. ಅದರ ಮೂತಿಯ ಮೇಲೆ ದೀಪವೂ ಇಲ್ಲ, ಬಾರೂ ಇಲ್ಲ.

"ಏನು, ಕೆಟ್ಟು ನಿಂತಿತಾ?" ಎಂದು ಗೌಡರು ಕಿಟಕಿಯಿಂದ ಕೇಳುತ್ತಾರೆ.

"ಕೆಟ್ಟಿಲ್ಲ. ಕೆಡಬಾರದು ಅಂತ ನಿಂತಿದೀವಿ," ಎಂದು ಸಾವಿತ್ರಮ್ಮ ಉತ್ತರಿಸುತ್ತಾರೆ. ಗೌಡರು ಮುಂದೆ ಹೋಗುವುದಿಲ್ಲ. ಹಿಂದೆಯೇ ಬರುತ್ತಾರೆ.

ಮಾರಿಸ್ ಏದುಸಿರು ಬಿಡುತ್ತಾ, ತಿರುವು ತಿರುವಿಗೂ ಗೇರು ಬದಲಿಸುತ್ತಾ ಹತ್ತುತ್ತದೆ. ತನುಜಾ ರಸ್ತೆ ನೋಡುವುದಿಲ್ಲ, ಗುಡ್ಡ ನೋಡುವುದಿಲ್ಲ. ಬಾನೆಟ್ಟಿನ ಅಂಚಿನಲ್ಲಿ ಹಬೆಯ ಎಳೆ ಏಳುತ್ತದೆಯೇ ಎಂದು ನೋಡುವುದೊಂದೇ. ಏಳಲಿಲ್ಲ. ಮೇಲೆ ಬಂದು ಕಾರು ನಿಂತಾಗ ಅವರಿಗೆ ಅಳು ಬರುತ್ತದೆ. ಚೀಲದಿಂದ ಬಿಲ್ಲೆ ತೆಗೆಯುವ ನೆಪದಲ್ಲಿ ತಲೆ ತಗ್ಗಿಸುತ್ತಾರೆ.

ದೇವರಾಜ ಗೌಡರು ಇಳಿದು ಬಂದು ಮಾರಿಸ್‌ನ ಬಾನೆಟ್ಟಿನ ಮೇಲೆ ಅಂಗೈ ಊರಿ ಹಾಗೇ ನಿಲ್ಲುತ್ತಾರೆ. ಕೈ ತೆಗೆಯುವಷ್ಟು ಬಿಸಿ ಇಲ್ಲ. ಸುತ್ತ ಉಳಿದ ಕಾರಿನವರೂ ಸೇರಿದ್ದಾರೆ.

"ತನುಜಮ್ಮ, ನಾಳೆ ಆಸ್ಟಿನ್ ಕಳಿಸ್ತೀನಿ," ಎನ್ನುತ್ತಾರೆ ಗೌಡರು, ಎಲ್ಲರಿಗೂ ಕೇಳುವಂತೆ. "ಬಿಲ್ಲೆ ಎಷ್ಟು ಹಾಕ್ಬಹುದು, ನೀವೇ ಹೇಳಿ."

ತನುಜಾ ಕಿವಿನಟ್ಟು ತಿರುಗಿಸುತ್ತಲೇ ತಲೆ ಎತ್ತುತ್ತಾರೆ.

"ಇರೋದನ್ನೆಲ್ಲ ತನ್ನಿ ಗೌಡ್ರೆ, ಒಂದೂ ಬಿಡ್ಬೇಡಿ. ಎಲ್ಲಿ ನಿಲ್ಲಿಸಿ ಬಿಚ್ಚಬೇಕು ಅನ್ನೋದು ಮಾತ್ರ ನಾನು ಹೇಳಿದ ಹಾಗೆ."