ಕತ್ತೆಯ ದನಿ, ಅತ್ತೆಯ ನಗು

ಬಳ್ಳಾರಿಯ ಬೀದಿಗಳಲ್ಲಿ ಮೈಕು ಕಟ್ಟಿಕೊಂಡು ತಿರುಗುವ ಆಟೋಗಳಿಂದ ಕೇಳಿಬರುವ ಹೆಣ್ಣುದನಿಗಳಲ್ಲಿ ಒಂದು ನನ್ನದು. ಸೀರೆ ಅಂಗಡಿಯ ಆಷಾಢದ ರಿಯಾಯಿತಿ, ಕಣ್ಣಿನ ಉಚಿತ ತಪಾಸಣೆ, ಹೊಸ ಬೇಕರಿಯ ಉದ್ಘಾಟನೆ, ಎಲ್ಲವನ್ನೂ ಒಂದೇ ಉತ್ಸಾಹದಿಂದ ಹೇಳುತ್ತೇನೆ. ನನ್ನ ತವರು ಕುರುಗೋಡು, ಕೊಟ್ಟ ಮನೆ ಸಿರುಗುಪ್ಪ. ಕೆಲಸ ಬಂದಾಗ ಬಸ್ಸು ಹತ್ತಿ ಬಳ್ಳಾರಿಗೆ ಹೋಗುತ್ತೇನೆ, ಸಂಜೆಗೆ ಮನೆ ಸೇರುತ್ತೇನೆ.

ದನಿ ಹಿಡಿಯುವ ಸ್ಟುಡಿಯೋ ಇರುವುದು ಕೌಲ್ ಬಜಾರಿನಲ್ಲಿ, ಒಂದು ವೆಲ್ಡಿಂಗ್ ಅಂಗಡಿಯ ಮಹಡಿಯ ಮೇಲೆ. ಸ್ಟುಡಿಯೋ ಎಂದರೆ ಒಂದೇ ಕೋಣೆ. ಗೋಡೆಗಳಿಗೆ ಹಳೆಯ ಹಾಸಿಗೆ ಬಡಿದಿದ್ದಾರೆ, ಕಿಟಕಿಗೆ ದಪ್ಪ ಕಂಬಳಿ. ಅದರ ಯಜಮಾನ ನನಗಿಂತ ಸ್ವಲ್ಪ ಚಿಕ್ಕವನು. ಅವನು ನನ್ನನ್ನು ಅಕ್ಕಾ ಎನ್ನುತ್ತಾನೆ, ನಾನು ಭಾಯ್ ಎನ್ನುತ್ತೇನೆ. ಕೆಳಗೆ ಕಬ್ಬಿಣ ಕೊಯ್ಯುವ ಸದ್ದು ಶುರುವಾದರೆ ಇಬ್ಬರೂ ಚಹಾ ಕುಡಿಯುತ್ತೇವೆ, ನಿಂತ ಮೇಲೆ ಮತ್ತೆ ಮೈಕಿನ ಮುಂದೆ ಕೂರುತ್ತೇನೆ.

ಒಂದು ದಿನ ಭಾಯ್ ಫೋನು ಮಾಡಿದ. "ಅಕ್ಕಾ, ಜರಾ ಬ್ಯಾರೆ ನಮೂನಿ ಕೆಲಸ ಬಂದೈತಿ. ಕಾರ್ಟೂನು. ಸಣ್ಣ ಹುಡುಗ್ರಿಗೆ ವಿಜ್ಞಾನ ಹೇಳೋದಂತ. ಟಿವಿಯಾಗ ಬರ್ತೈತಿ."

ಬೆಂಗಳೂರಿನವರು ಮಾಡುತ್ತಿದ್ದ ಸರಣಿ ಅದು. ಭಾರ ಹೊತ್ತು ಹೊತ್ತು ಸಾಕಾದ ಒಂದು ಕತ್ತೆ, ಅದರ ಗೆಳತಿಯಾದ ಒಬ್ಬ ಪುಟ್ಟ ಹುಡುಗಿ, ಅಧಿಕಪ್ರಸಂಗಿಯಾದ ಒಂದು ಕಾಗೆ. ಪ್ರತಿ ಕಂತಿನಲ್ಲೂ ಮೂವರಿಗೂ ಒಂದು ಫಜೀತಿ ಬರುತ್ತದೆ, ಒಂದು ಸರಳ ಯಂತ್ರದಿಂದ ಅದು ಬಗೆಹರಿಯುತ್ತದೆ. ಒಂದು ಕಂತಿನಲ್ಲಿ ಸನ್ನೆಕೋಲು, ಇನ್ನೊಂದರಲ್ಲಿ ರಾಟೆ, ಮತ್ತೊಂದರಲ್ಲಿ ಇಳಿಜಾರು. ಅದನ್ನು ನಮ್ಮ ಕಡೆಯ ಮಾತಿನಲ್ಲಿ ಆಡಿಸಬೇಕೆಂದು ನಿರ್ದೇಶಕಿಗೆ ಆಸೆ. ಭಾಯ್ ನನ್ನ ದನಿಯ ಮಾದರಿ ಕಳಿಸಿದ. ನಾನು ಪುಟ್ಟ ಹುಡುಗಿಯ ಪಾತ್ರಕ್ಕೆಂದು ಮಾತನ್ನು ಸಣ್ಣದು ಮಾಡಿ, ಮುದ್ದು ಮಾಡಿ ಆಡಿದ್ದೆ. ಸಿಕ್ಕಿದ್ದು ಕತ್ತೆಯ ಪಾತ್ರ.

ಮನೆಯಲ್ಲಿ ಅತ್ತೆ ಪಡಸಾಲೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು.

"ಅತ್ತಿ, ನನಗ ಟಿವಿಯಾಗ ಪಾತ್ರ ಸಿಕ್ಕೈತ್ರಿ. ಕತ್ತಿ ಪಾತ್ರ."

ಅತ್ತೆಯ ಮುಖ ಅರಳಿತು. "ಕತ್ತಿ ಹಿಡಿಯೋ ಪಾತ್ರೇನು? ರಾಣಿನ? ಕುದರಿ ಮ್ಯಾಲೆ ಕುಂದ್ರತಿಯೇನು?"

ನಮ್ಮ ಮಾತಿನಲ್ಲಿ ಕತ್ತೆಗೂ ಖಡ್ಗಕ್ಕೂ ಒಂದೇ ಪದ. ರಾಣಿಯ ಆಸೆ ಹುಟ್ಟಿಸಿದ್ದಕ್ಕೆ ನನಗೇ ಪಾಪ ಎನ್ನಿಸಿತು. "ಆ ಕತ್ತಿ ಅಲ್ರಿ. ಒದರೋ ಕತ್ತಿ. ಅಗಸರ ಮನಿದು."

ಅಕ್ಕಿ ಆರಿಸುತ್ತಿದ್ದ ಅವರ ಕೈ ಮೊರದಲ್ಲೇ ನಿಂತಿತು. "ಮಂದಿ ಮನಿ ಸೊಸೆಂದ್ರು ಬ್ಯಾಂಕಿಗೆ ಹೊಕ್ಕಾರ, ಸಾಲಿ ಕಲಸಾಕ ಹೊಕ್ಕಾರ. ನಮ್ಮ ಮನಿ ಸೊಸಿ ಕತ್ತಿ ಆಗಾಕ ಹೊಂಟಾಳ. ನಾಳಿ ಬೀಗರು ಕೇಳಿದ್ರ ಏನಂತ ಹೇಳ್ಲಿ?"

ರೈಸ್ ಮಿಲ್ಲಿನಿಂದ ಆಗಷ್ಟೇ ಬಂದು ಊಟಕ್ಕೆ ಕೂತಿದ್ದ ನನ್ನ ಗಂಡ ತಟ್ಟೆಯ ಕಡೆ ತಲೆ ತಗ್ಗಿಸಿದರು. ಭುಜ ಮಾತ್ರ ಅಲುಗುತ್ತಿತ್ತು.

ಮೊರ ಕೆಳಗಿಟ್ಟು ಅತ್ತೆಯೇ ಕೇಳಿದರು. "ಹೆಂಗ ಒದರ್ತಿ? ಒಂದ್ಸಲ ಒದರು ನೋಡಮ."

ನಾನು ಒದರಿದೆ. ಹೊಟ್ಟೆಯಿಂದ ಉಸಿರು ತಂದು, ಕೊನೆಯಲ್ಲಿ ಎರಡು ಬಿಕ್ಕಳಿಕೆ ಸೇರಿಸಿ ಒದರಿದೆ. ಪಕ್ಕದ ಮನೆಯ ನಾಯಿ ಎದ್ದು ಬೊಗಳತೊಡಗಿತು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದರು.

ಕೌಲ್ ಬಜಾರಿನಲ್ಲಿ ಕೆಲಸ ಶುರುವಾಯಿತು. ನಿರ್ದೇಶಕಿ ಬೆಂಗಳೂರಿನಿಂದ ಫೋನಿನಲ್ಲೇ ಕೇಳುತ್ತಾ ಕೂರುತ್ತಿದ್ದಳು. ಒದರುವುದು ಮೊದಲ ಸಲಕ್ಕೇ ಒಪ್ಪಿಗೆಯಾಯಿತು. ಕಷ್ಟ ಬಂದಿದ್ದು ಸನ್ನೆಕೋಲಿನ ಕಂತಿನಲ್ಲಿ. ಕಥೆ ಇಷ್ಟೇ: ದಾರಿಗೆ ಅಡ್ಡವಾಗಿ ದೊಡ್ಡ ಬಂಡೆಯೊಂದು ಬಿದ್ದಿದೆ. ಕತ್ತೆ ನೂಕುತ್ತದೆ, ಒದೆಯುತ್ತದೆ, ಅಳುತ್ತದೆ. ಆಮೇಲೆ ಹುಡುಗಿ ಒಂದು ಉದ್ದನೆಯ ಗಳ ತಂದು, ಬಂಡೆಯ ಕೆಳಗೆ ಅದರ ತುದಿ ತೂರಿಸಿ, ಗಳದ ಅಡಿಗೆ ಒಂದು ಸಣ್ಣ ಕಲ್ಲಿಡುತ್ತಾಳೆ. ಕತ್ತೆ ಇನ್ನೊಂದು ತುದಿಯನ್ನು ಒತ್ತಿದರೆ ಬಂಡೆ ಏಳುತ್ತದೆ. ಆಗ ಕತ್ತೆಗೆ ತನ್ನ ಕಣ್ಣನ್ನೇ ನಂಬಲಾಗದೆ ನಗು ಬರಬೇಕು.

ನಾನು ನಕ್ಕೆ. ಮತ್ತೆ ನಕ್ಕೆ. ಜೋರಾಗಿ, ಮೆಲ್ಲಗೆ, ತಡೆದು ತಡೆದು, ಎಲ್ಲ ತರಹ ನಕ್ಕೆ.

"ಮೇಡಂ, ದನಿ ತುಂಬಾ ಚೆನ್ನಾಗಿದೆ" ಎಂದಳು ನಿರ್ದೇಶಕಿ. "ಆದ್ರೆ ಕತ್ತೆಗೆ ಆಶ್ಚರ್ಯನೇ ಆಗ್ತಿಲ್ಲ. ಸೀರೆ ಮೇಲೆ ಡಿಸ್ಕೌಂಟ್ ಸಿಕ್ಕಿದ ಹಾಗೆ ನಗ್ತಿದೆ."

ಭಾಯ್ ಕೆಮ್ಮಿ ನಗೆ ಮುಚ್ಚಿಕೊಂಡ. ನನಗೂ ನಗು ಬಂತು, ಅದು ಬೇಕಾದ ನಗುವಾಗಿರಲಿಲ್ಲ.

"ನೀವು ಯಾವತ್ತಾದ್ರೂ ಹೀಗೆ ಏನಾದ್ರೂ ಎತ್ತಿದ್ದೀರಾ?"

"ಇಲ್ರಿ."

"ಹಾಗಾದ್ರೆ ಇವತ್ತು ಸಾಕು. ಮನೆಗೆ ಹೋಗಿ ಏನಾದ್ರೂ ಎತ್ತಿ ಬನ್ನಿ."

ಸಿರುಗುಪ್ಪದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ. ಶಾಲೆಯಲ್ಲಿ ಸನ್ನೆಕೋಲಿನ ಪಾಠ ನನಗೆ ಬಾಯಿಪಾಠವಾಗಿತ್ತು. ಆಧಾರ ಬಿಂದು, ಭಾರ, ಬಲ ಎಂದು ಮೂರು ಬಾಣ ಹಾಕಿ ಸ್ಕೇಲು ಹಿಡಿದು ಚಿತ್ರ ಬರೆದಿದ್ದೆ, ಪೂರ್ತಿ ಅಂಕವನ್ನೂ ಪಡೆದಿದ್ದೆ. ಆದರೆ ಒಂದು ಕೋಲನ್ನಾಗಲಿ ಕಲ್ಲನ್ನಾಗಲಿ ಯಾರೂ ನಮ್ಮ ಕೈಗೆ ಕೊಟ್ಟಿರಲಿಲ್ಲ. ಕಿಟಕಿಯಾಚೆ ಹಸಿರು ಭತ್ತದ ಗದ್ದೆಗಳು ಸರಿಯುತ್ತಿದ್ದವು, ನಾನು ಮನಸ್ಸಿನಲ್ಲೇ ಬಂಡೆ ಎತ್ತುತ್ತಿದ್ದೆ.

ಭಾನುವಾರ ಗಂಡ ಮಿಲ್ಲಿನಿಂದ ಒಂದು ಉದ್ದನೆಯ ಹಲಗೆ ತಂದರು. ಲಾರಿಗೆ ಚೀಲ ಏರಿಸುವಾಗ ಹಮಾಲರು ಹತ್ತಿ ಹೋಗುವ ಹಲಗೆ, ಗಟ್ಟಿಯದು. ಅಂಗಳದಲ್ಲಿ ಒಂದು ದಪ್ಪ ಕಲ್ಲಿಟ್ಟು ಅದರ ಮೇಲೆ ಹಲಗೆ ಇಟ್ಟೆವು. ದೇಶನೂರಿನ ನೆಂಟರ ಗದ್ದೆಯಿಂದ ಬಂದ, ಅರ್ಧ ಖಾಲಿಯಾಗಿದ್ದ ಭತ್ತದ ಚೀಲವೊಂದನ್ನು ಗಂಡ ಒಂದು ತುದಿಗೆ ಹೊತ್ತು ಹಾಕಿದರು. ಇನ್ನೊಂದು ತುದಿ ಮೇಲೆದ್ದಿತು. ನಾನು ಅದನ್ನು ಹಿಡಿದು ಒತ್ತಿದೆ. ಚೀಲ ಎದ್ದಿತು.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಅದೇನು ದೊಡ್ಡ ಮಾತು? ಚೀಲ ಐತಿ, ಏಳ್ತೈತಿ. ನನ್ನ ಎತ್ತು ನೋಡಮ."

ನನ್ನ ಅತ್ತೆ ತುಂಬಿದ ಮೈಯವರು. ನಾನಾದರೋ ಕಡ್ಡಿ. ಗಂಡ ಬೇಡವೆನ್ನುವಷ್ಟರಲ್ಲಿ ಅವರು ಚೀಲ ಸರಿಸಲು ಹೇಳಿ, ಸೀರೆಯ ನೆರಿಗೆ ಒಟ್ಟು ಮಾಡಿಕೊಂಡು ಹಲಗೆಯ ತುದಿಯಲ್ಲಿ ಕೂತೇಬಿಟ್ಟರು.

ನಾನು ಒತ್ತಿದೆ. ಹಲಗೆ ಅಲುಗಲಿಲ್ಲ. ಇಡೀ ಮೈಭಾರ ಹಾಕಿದೆ. ನನ್ನ ಕಾಲುಗಳೇ ನೆಲ ಬಿಟ್ಟವು, ಅತ್ತೆ ಮಾತ್ರ ಗುಡ್ಡದಂತೆ ಕೂತಿದ್ದರು.

"ನೋಡಿದ್ಯಾ? ಟಿವಿಯಾಗ ಹೇಳೋದೆಲ್ಲ ಸುಳ್ಳು" ಎಂದರು, ಗೆದ್ದ ಸಂತೋಷದಲ್ಲಿ.

ಆಗ ಕತ್ತೆಯ ಮಾತುಗಳಲ್ಲೇ ಒಂದು ನೆನಪಿಗೆ ಬಂತು: ಕಲ್ಲು ಭಾರದ ಹತ್ತಿರ ಇರಲಿ, ನಾನು ದೂರ ನಿಲ್ಲುತ್ತೇನೆ. ಎಷ್ಟೋ ಸಲ ಮೈಕಿನ ಮುಂದೆ ಆ ಸಾಲನ್ನು ಹೇಳಿದ್ದೆ! ನಾವು ಕಲ್ಲನ್ನು ಹಲಗೆಯ ನಟ್ಟನಡುವೆ ಇಟ್ಟಿದ್ದೆವು.

"ಅತ್ತಿ, ಒಂದೀಟು ಏಳ್ರಿ."

ಗಂಡ ಕಲ್ಲನ್ನು ಅವರ ಕಡೆಗೆ ಸರಿಸಿದರು. ಅತ್ತೆ ಮತ್ತೆ ಕೂತರು, ಈ ಸಲ ಇನ್ನೂ ಬಿಗಿಯಾಗಿ. ನನ್ನ ತುದಿ ಎದೆಯೆತ್ತರಕ್ಕೆ ಬಂತು. ಎರಡೂ ಕೈಯಿಟ್ಟು ಒತ್ತಿದೆ.

ಅತ್ತೆ ಎದ್ದರು. ಕೂತಲ್ಲೇ, ಚಾಚಿದ ಕಾಲು ಆಡಿಸುತ್ತಾ, ನೆಲದಿಂದ ಗೇಣು ಮೇಲಕ್ಕೆ ಎದ್ದರು.

"ಅಯ್ಯೋ ದೇವುಡಾ!" ಎಂದು ಅವರು ಕೂಗಿದರು. ಗಾಬರಿಯಾದಾಗ ಅವರಿಗೆ ಮೊದಲು ಬರುವುದು ತೆಲುಗು. ಆಮೇಲೆ ನಗು ಬಂತು. ಮೊದಲು ಸಣ್ಣಗೆ, ಮೂಗಿನಲ್ಲಿ. ಆಮೇಲೆ ಹೊಟ್ಟೆಯಿಂದ ಉಕ್ಕಿ, ಉಸಿರು ಸಿಕ್ಕಿಹಾಕಿಕೊಂಡು, ಕೊನೆಗೆ ಕೀರಲಾಗಿ. ಈ ಮನೆಗೆ ಬಂದಾಗಿನಿಂದ ನಾನು ಅವರ ಮುಗುಳುನಗೆ ಕಂಡಿದ್ದೆ, ಸೆರಗಿನ ಹಿಂದಿನ ನಗೆಯನ್ನೂ ಕಂಡಿದ್ದೆ. ಬಾಯಿಬಿಟ್ಟು ನಕ್ಕಿದ್ದನ್ನು ಕೇಳಿದ್ದು ಅದೇ ಮೊದಲು. ನನ್ನ ಕೈ ಸಡಿಲವಾದರೆ ಬಿದ್ದಾರೆಂದು ಹಲಗೆಯನ್ನು ಮೆಲ್ಲಗೆ ಇಳಿಸಿದೆ.

"ಇಳಸಬ್ಯಾಡ! ಇನ್ನೊಂದ್ಸಲ ಎತ್ತು!"

ನಗುವಿನ ಸದ್ದಿಗೆ ಓಣಿಯ ಹೆಂಗಸರು ಬಂದರು. ಒಬ್ಬೊಬ್ಬರಾಗಿ ಹಲಗೆಯ ಮೇಲೆ ಕೂರುತ್ತಾರೆ, ನಾನು ಎತ್ತುತ್ತೇನೆ, ಅವರು ಚೀರುತ್ತಾರೆ. ಅತ್ತೆ ಪಕ್ಕದಲ್ಲಿ ನಿಂತು ಎಲ್ಲರಿಗೂ ಹೇಳಿಕೊಡುತ್ತಿದ್ದರು: "ಕಲ್ಲು ನಿನ್ನ ಕಡೆ ಇರಬೇಕು ನೋಡವ್ವ. ನಡುವ ಇಟ್ರ ಬರಂಗಿಲ್ಲ." ಆಮೇಲೆ ಅವರೇ ನನ್ನ ಕಡೆ ಬಂದು, ನನ್ನನ್ನು ಅತ್ತ ಕೂರಿಸಿ, ಒಂದೇ ಕೈಯಲ್ಲಿ ಎತ್ತಿದರು. ಗಾಳಿಯಲ್ಲಿ ಕಾಲು ತೇಲಿದಾಗ ನನಗೂ ಮೈ ಜುಮ್ಮೆಂದಿತು. ಸ್ಕೇಲು ಹಿಡಿದು ಬರೆದ ಆ ಮೂರು ಬಾಣಗಳು ನನ್ನ ಹೊಟ್ಟೆಯೊಳಗೆ ಹೊಕ್ಕಂತಾಯಿತು.

ಗಂಡ ಇದನ್ನೆಲ್ಲ ಫೋನಿನಲ್ಲಿ ಹಿಡಿದಿದ್ದರು. ಭಾಯ್‌ಗೆ ಕಳಿಸಿದೆ, ಅವನು ಬೆಂಗಳೂರಿಗೆ ಕಳಿಸಿದ. ಮರುದಿನ ಸ್ಟುಡಿಯೋದಲ್ಲಿ ಕತ್ತೆಯ ಮಾತನ್ನು ಒಂದೇ ಸಲಕ್ಕೆ ಹೇಳಿದೆ. "ಬಂಡಿಗಲ್ಲು ಎದ್ದೇಬಿಡ್ತು ನೋಡ್ರಲೇ!" ಎನ್ನುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಬಂಡೆಯಾಗಿರಲಿಲ್ಲ. ನಿರ್ದೇಶಕಿ ಅತ್ತ ಕಡೆ ಚಪ್ಪಾಳೆ ತಟ್ಟಿದಳು. ಆಮೇಲೆ ಒಂದು ಮಾತು ಕೇಳಿದಳು.

"ಮೇಡಂ, ಆ ವಿಡಿಯೋದಲ್ಲಿ ನಗ್ತಾರಲ್ಲ, ನಿಮ್ಮ ಅತ್ತೆ. ಆ ನಗುವನ್ನೇ ಕತ್ತೆಗೆ ಹಾಕಬಹುದಾ? ಅವರು ಒಪ್ತಾರಾ?"

ಕೇಳಲು ನನಗೆ ಹೆದರಿಕೆ. ಊಟ ಬಡಿಸುತ್ತಾ, ಮಜ್ಜಿಗೆಯ ಹೊತ್ತಿಗೆ ವಿಷಯ ತೆಗೆದೆ. ಅತ್ತೆ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟರು.

"ಅಂದ್ರ, ಒದರೋದು ನೀನು, ನಗೋದು ನಾನು?"

"ಹೂಂ ರೀ."

"ಹಂಗಾದ್ರ ಚೊಲೋ ಪಾಲು ನಂದೇ" ಎಂದು ಎದ್ದು ಕೈ ತೊಳೆದರು.

ಆ ಕಂತು ಟಿವಿಯಲ್ಲಿ ಬಂದ ದಿನ ನಾವು ಕುರುಗೋಡಿನಲ್ಲಿದ್ದೆವು. ನನ್ನ ತಮ್ಮನ ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಹೆಸರಿಟ್ಟು ಮುಗಿದು ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಸರಿಯಾಗಿ ಕಾರ್ಟೂನು. ಎಲ್ಲರೂ ಬಂದು ಇದನ್ನು ನೋಡಲೇಬೇಕು ಎಂದಷ್ಟೇ ಹೇಳಿದೆ, ನನ್ನ ಅವ್ವ ಎಲೆ ಹಾಕುವುದನ್ನು ನಿಲ್ಲಿಸಿದಳು. ಮಕ್ಕಳು ಟಿವಿಯ ಮುಂದೆ, ಅವರ ಹಿಂದೆ ಹೆಂಗಸರು, ಬಾಗಿಲಲ್ಲಿ ಗಂಡಸರು. ಕತ್ತೆ ಮಾತಾಡಿತು. ಅಲ್ಲಿದ್ದ ಒಂದು ಸಣ್ಣ ಹುಡುಗಿ ತಿರುಗಿ ನನ್ನನ್ನು ನೋಡಿ, ಮತ್ತೆ ಟಿವಿಯನ್ನು ನೋಡಿ, "ಅತ್ತಿ, ಕತ್ತಿ ನಿಮ್ಮಂಗ ಮಾತಾಡ್ತೈತಿ" ಎಂದಳು. ಕತ್ತೆಯ ದನಿ ನನ್ನದೆಂದು ಯಾರಿಗೂ ನಾವು ಮೊದಲೇ ಹೇಳಿರಲಿಲ್ಲ.

ಬಂಡೆ ಎದ್ದಿತು. ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ. ಮಕ್ಕಳೆಲ್ಲ ಅದರ ಜೊತೆಗೇ ಬಿದ್ದು ಬಿದ್ದು ನಗತೊಡಗಿದರು.

"ಆ ನಗು ನಂದು!" ಅತ್ತೆ ನಿಂತುಕೊಂಡೇ ಸಾರಿದರು. ಬೀಗರ ಮನೆ, ತುಂಬಿದ ಸಭೆ, ಯಾವುದೂ ಅವರಿಗೆ ಲೆಕ್ಕಕ್ಕಿರಲಿಲ್ಲ. "ಕೇಳ್ರಿ, ಕತ್ತಿ ನಕ್ಕಿದ್ದು ನಾನು!"

ಯಾರೂ ನಂಬಲಿಲ್ಲ. ಅವರು ನಕ್ಕು ತೋರಿಸಬೇಕಾಯಿತು. ತೊಟ್ಟಿಲಲ್ಲಿದ್ದ ಕೂಸು ಎಚ್ಚರವಾಗಿ ಅಳಲು ಶುರುಮಾಡಿತು, ಮಕ್ಕಳು ಹಲಗೆ ಹುಡುಕುತ್ತಾ ಹಿತ್ತಿಲಿಗೆ ಓಡಿದರು, ನನ್ನ ಅವ್ವ "ಅನ್ನ ಆರಾಕತ್ತೈತಿ, ಬರ್ರೋ" ಎಂದು ಅವರ ಹಿಂದೆ ಓಡಿದಳು.

ಮುಂದಿನ ಕಂತುಗಳಲ್ಲೂ ಕತ್ತೆಯ ನಗು ಅತ್ತೆಯದೇ, ಹಾಗಾಗಿ ಈಗ ಅವರು ನನ್ನ ಜೊತೆ ಬಳ್ಳಾರಿಗೆ ಬರುತ್ತಾರೆ. ಬಸ್ಸಿನಲ್ಲಿ ಕಿಟಕಿಯ ಸೀಟು ಅವರದ್ದು. ಮೊದಲ ದಿನ ಮೈಕಿನ ಮುಂದೆ ಕೂರಿಸಿದರೆ ಅವರಿಗೆ ನಗುವೇ ಬರಲಿಲ್ಲ. ಭಾಯ್ ಜೋಕು ಹೇಳಿದ, ನಾನು ಒದರಿದೆ, ಅವರು ಫೋಟೋಗೆ ಕೂತವರಂತೆ ಬಿಗಿಯಾಗಿ ಕೂತಿದ್ದರು. ಆ ದಿನದ ಕಂತು ಚಕ್ರದ್ದು. ಭಾಯ್ ಸುಮ್ಮನೆ ಅವರ ಹಿಂದೆ ಹೋಗಿ, ಅವರು ಕೂತಿದ್ದ, ಚಕ್ರಗಳಿದ್ದ ತಿರುಗುವ ಕುರ್ಚಿಯನ್ನು ಎರಡು ಸುತ್ತು ಗಿರ್ರನೆ ತಿರುಗಿಸಿ, ಮೈಕಿನ ಎದುರಿಗೆ ತಂದು ನಿಲ್ಲಿಸಿದ.

ಕೆಳಗಿನ ವೆಲ್ಡಿಂಗ್ ಅಂಗಡಿಯವರು ಅತ್ತೆಯ ನಗು ಕೇಳಿ ಏನಾಯಿತೆಂದು ಮೆಟ್ಟಿಲು ಹತ್ತಿ ಬಂದರು. ಅತ್ತೆ ಕಣ್ಣೊರೆಸಿಕೊಳ್ಳುತ್ತಾ ಹೇಳಿದರು: "ಏನಿಲ್ಲ ಬಿಡ್ರಪ್ಪ, ಕೆಲಸ ನಡದೈತಿ."