ನಿಂತರೆ ಬರುವ ಗಂಟು

ನನ್ನ ನೆಗೆಣ್ಣಿಯ, ಅಂದರೆ ನನ್ನ ಭಾವನ ಹೆಂಡತಿಯ, ಎಡಗಾಲಿನ ಮೀನಖಂಡದ ಮೇಲೆ ನೀಲಿ ನರಗಳು ಹೀರೇಬಳ್ಳಿಯಂತೆ ಸುತ್ತಿಕೊಂಡು ಉಬ್ಬಿದ್ದವು. ಆಕೆ ಸೀರೆ ಎತ್ತಿಕಟ್ಟಿ ಅಂಗಳ ತೊಳೆಯುವಾಗ ನಾನು ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದೆ. ನೋಡಿದರೆ ಒಂಥರಾ ಸಮಾಧಾನ. ಆಕೆಯಲ್ಲಿ ಬೇರೆ ಯಾವ ಕೊಂಕೂ ನನಗೆ ಸಿಕ್ಕಿರಲಿಲ್ಲ.

ಮಾನ್ವಿಯಿಂದ ದೇವದುರ್ಗದ ಈ ಮನೆಗೆ ಆಕೆ ನನಗಿಂತ ಮೊದಲು ಸೊಸೆಯಾಗಿ ಬಂದವಳು. ಮನೆಯ ಮುಂಭಾಗದಲ್ಲೇ ನಮ್ಮ ಖಾನಾವಳಿ. ಬೆಳಗಿನಿಂದ ಒಲೆಯ ಮುಂದೆ ನಿಂತೇ ರೊಟ್ಟಿ ಬಡಿಯುತ್ತಿದ್ದಳು. “ಹಸಿದವ್ರ ಮುಂದ ಮಾರಿ ಗಂಟು ಹಾಕ್ಕೋಬಾರ್ದವ್ವಾ” ಎಂದು ನನಗೆ ಹೇಳುವಳು. ಊಟಕ್ಕೆ ಬಂದವರು “ದೊಡ್ಡಾಕಿ ರೊಟ್ಟಿ ಹಾಕ್ರಿ” ಎಂದು ಕೇಳಿ ಹಾಕಿಸಿಕೊಳ್ಳುವರು. ನಾನು ಬಡಿದವು ಬುಟ್ಟಿಯ ತಳದಲ್ಲೇ ಉಳಿಯುತ್ತಿದ್ದವು. ಅತ್ತೆಗೆ ತಲೆ ನೋಯಲಿ, ಮಂಡಿ ನೋಯಲಿ, ಬಾಯಿಗೆ ಬರುವುದು ದೊಡ್ಡಾಕಿಯೇ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಕೂಡ ಬಿದ್ದು ಗಾಯ ಮಾಡಿಕೊಂಡರೆ ನನ್ನನ್ನು ದಾಟಿ ಆಕೆಯ ಬಳಿ ಅಳುತ್ತ ಓಡುತ್ತಿದ್ದಳು.

ಹೊಟ್ಟೆಕಿಚ್ಚಿನವರ ಕಣ್ಣು ಚುರುಕು. ಆಕೆ ಸ್ಟೂಲಿನ ಮೇಲೆ ಎಡಗಾಲಿಟ್ಟುಕೊಂಡು ರೊಟ್ಟಿ ಬಡಿಯತೊಡಗಿದ್ದು, ಕೆಮ್ಮುವಾಗ ತೊಡೆಸಂದಿಯನ್ನು ಒತ್ತಿ ಹಿಡಿಯುವುದು, ಮಧ್ಯಾಹ್ನ ಕದ್ದು ಒಳಗೆ ಹೋಗಿ ತುಸು ಮಲಗಿ ಬರುವುದು, ಇದೆಲ್ಲ ಬೇರೆ ಯಾರಿಗೂ ಕಾಣಲಿಲ್ಲ. ಒಂದು ದಿನ ಆಕೆ ಸೀರೆ ಬದಲಿಸುವಾಗ ನಾನು ತಟ್ಟನೆ ಒಳಗೆ ಹೋದೆ. ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಮೆತ್ತನೆಯ ಗಂಟು. ಮೇಲಿನ ಚರ್ಮ ತುಸು ನೀಲಿ.

“ಏನಕ್ಕಾ ಇದು?”

“ಸುಮ್ನಿರು, ಯಾರ ಮುಂದನೂ ಹೇಳಬ್ಯಾಡ. ನಿಂತ್ರ ಬರ್ತದ, ಮಲಕೊಂಡ್ರ ಹೋಗ್ತದ.”

ಮಲಗಿ ತೋರಿಸಿದಳು. ಗಂಟು ನಿಜಕ್ಕೂ ಇಳಿದುಹೋಯಿತು.

ಮುಂದೊಂದು ದಿನ ಬಟ್ಟೆ ಒಗೆಯುತ್ತಿದ್ದವಳು ನೋವು ತಾಳದೆ ಕುಳಿತುಬಿಟ್ಟಾಗ ಅತ್ತೆಗೂ ಹೇಳಬೇಕಾಯಿತು. ಅವರು ಅದನ್ನು ಕುರುವೆಂದು ತೀರ್ಮಾನಿಸಿ, ಕುರು ಕೊಯ್ಯುವ ಮುದುಕಿಯೊಬ್ಬಳನ್ನು ಹತ್ತಿರದ ಜಾಲಹಳ್ಳಿಯಿಂದ ಕರೆಸಿದರು. ಮುದುಕಿ ಚಾಪೆ ಹಾಸಿ ಬ್ಲೇಡು ತೆಗೆದಳು. ನೆಗೆಣ್ಣಿ ಹೋಗಿ ಚಾಪೆಯ ಮೇಲೆ ಕುಳಿತಳು. ಅತ್ತೆಗೆ ಎದುರಾಡಿ ಆಕೆಗೆ ಅಭ್ಯಾಸವಿರಲಿಲ್ಲ. ನನಗಿತ್ತು.

“ಅತ್ತೀ, ಕುರು ಆದ್ರ ಮಲಕೊಂಡಾಗ ಎಲ್ಲಿ ಹೋಗ್ತದ? ಆ ಕಾಲಾಗ ನರ ಉಬ್ಬಿದ್ದು ಕಾಣವಲ್ದೇನ್ರಿ? ಇದೂ ಅದರದ್ದೇ ಇರಬೇಕು. ಕೊಯ್ಯಾಕ ಬಿಡೂದಿಲ್ಲ ನಾ.”

“ಆಕಿ ಮ್ಯಾಲ ನಿನಗ ಯಾವಾಗಿಂದ ಇಷ್ಟು ಅಕ್ಕರತಿ ಬಂತು?” ಎಂದರು ಅತ್ತೆ.

ನಾನು ನೆಗೆಣ್ಣಿಯ ಕೈ ಹಿಡಿದೆಬ್ಬಿಸಿ ರಾಯಚೂರಿನ ಬಸ್ಸು ಹತ್ತಿಸಿದೆ.

ವೈದ್ಯರು ಆಕೆಯನ್ನು ನಿಲ್ಲಿಸಿ, ಕೆಮ್ಮಲು ಹೇಳಿ ಮುಟ್ಟಿ ನೋಡಿದರು. ಸ್ಕ್ಯಾನ್ ಆದ ಮೇಲೆ ಹೇಳಿದರು: “ಕುರು ಅಲ್ಲ, ಹರ್ನಿಯಾನೂ ಅಲ್ರೀ. ಕಾಲಿಂದ ಮ್ಯಾಲ ಬರೋ ರಕ್ತನಾಳ ತೊಡಿಸಂದ್ಯಾಗ ಉಬ್ಬ್ಯದ. ಒಳಗಿನ ಕವಾಟ ಕೆಟ್ಟದ, ನಿಂತಾಗ ರಕ್ತ ತುಂಬ್ತದ. ಬ್ಲೇಡು ಹಾಕಿದ್ರ ರಕ್ತ ನಿಲ್ಲಸೂದು ಕಷ್ಟ ಇತ್ತು.”

ಶಸ್ತ್ರಚಿಕಿತ್ಸೆ ಸುಸೂತ್ರವಾಯಿತು. ವಾರ್ಡಿನಲ್ಲೂ ಮತ್ತದೇ ಕತೆ. ಪಕ್ಕದ ಹಾಸಿಗೆಯ ಮುಸ್ಲಿಂ ಅಜ್ಜಿ ಮನೆಯಿಂದ ಬಂದ ಖೀರನ್ನು ಮೊದಲು ಆಕೆಗೇ ಕೊಟ್ಟಳು. ನರ್ಸು ಪ್ರೀತಿಯಿಂದ ಜಡೆ ಹೆಣೆದಳು. ದಿನವಿಡೀ ಕುಳಿತಿದ್ದ ನನ್ನನ್ನು ‘ಉಂಡ್ಯಾ’ ಎಂದು ಒಬ್ಬರೂ ಕೇಳಲಿಲ್ಲ. ಮೈಯೆಲ್ಲ ಉರಿದು, ಮುಖ ತಿರುಗಿಸಿ ಕಿಟಕಿಯ ಕಡೆ ಕುಳಿತೆ. ಆಗ ನೆಗೆಣ್ಣಿ ಮೆಲ್ಲಗೆ ಅಂದಳು:

“ನೀ ಹಗಲೆಲ್ಲ ನನ್ನೇ ನೋಡ್ತಿದ್ದಿ, ಗೊತ್ತಿತ್ತು ತಂಗಿ. ಯಾಕ ನೋಡ್ತಿದ್ದಿ ಅಂತಾನೂ ಗೊತ್ತಿತ್ತು. ಆದ್ರ ನೋಡಿದಾಕಿ ನೀ ಒಬ್ಬಾಕೀನೇ.”

ಆ ಗಂಟು ವಾಸಿಯಾಗಿ ಬಹಳ ಕಾಲದ ಮೇಲೆ, ಹೋದ ವರ್ಷ, ಜ್ವರ ನೆತ್ತಿಗೇರಿ ಆಕೆ ತೀರಿಕೊಂಡಳು. ಓಣಿಯ ತುಂಬ ಮಂದಿ. ಮಾನ್ವಿಯಿಂದ, ರಾಯಚೂರಿನಿಂದ, ಯಾವತ್ತೋ ನಮ್ಮಲ್ಲಿ ಉಂಡುಹೋದವರೂ ಬಂದಿದ್ದರು. ಅಷ್ಟು ಜನರನ್ನು ಕಂಡು, ಅಳುವಿನ ನಡುವೆಯೂ ನನ್ನ ಹೊಟ್ಟೆ ಉರಿಯಿತು.

ಈಗ ಅತ್ತೆಗೆ ಕಣ್ಣೂ ಮಂಜು, ನೆನಪೂ ಮಂಜು. ಹೆಜ್ಜೆಯ ಸಪ್ಪಳವಾದರೆ, “ದೊಡ್ಡಾಕೀ, ಒಂದೀಟು ನೀರು ಕೊಡವ್ವಾ” ಎನ್ನುತ್ತಾರೆ.

“ಹ್ಞೂಂ ಅತ್ತಿ” ಎಂದು ನಾನು ತಂದುಕೊಡುತ್ತೇನೆ.