ಹೊಲದಲ್ಲಿ ಉಳಿದವರು

ಭಾನುವಾರ ಬೆಳಿಗ್ಗೆ ಎಂದರೆ ಬಿಲ್ಡಿಂಗಿನಲ್ಲಿ ಎಲ್ಲರಿಗೂ ಖುಷಿ. ಆ ವರ್ಷ ನನಗೆ ಮಾತ್ರ ಶನಿವಾರ ಸಂಜೆಯಿಂದಲೇ ಹೆದರಿಕೆ ಶುರುವಾಗುತ್ತಿತ್ತು. ಟಿವಿಯಲ್ಲಿ ಒಂದು ಯುದ್ಧದ ಧಾರಾವಾಹಿ ಬರುತ್ತಿತ್ತು, ಅದಕ್ಕೆ. ಧಾರಾವಾಹಿಗೆ ಯಾರಾದರೂ ಹೆದರುತ್ತಾರಾ ಎಂದು ಮೊಮ್ಮಕ್ಕಳು ನೀವು ನಗುತ್ತೀರಿ. ನೀವು ಕನ್ನಡ ಓದುವಾಗ ತಡವರಿಸುತ್ತೀರಿ ಎಂದು ಗೊತ್ತು, ಅದಕ್ಕೇ ನಮ್ಮ ಹಳ್ಳಿ ಶಾಲೆಯ ಮೇಷ್ಟ್ರು ಕಲಿಸಿದ ಹಾಗೆ ದಪ್ಪ ಅಕ್ಷರದಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ತಿಳಿಯದ ಕಡೆ ನಿಮ್ಮ ಅಮ್ಮನನ್ನು ಕೇಳಿ. ಅವಳೂ ಅಲ್ಲೇ ಇದ್ದಳು, ಎರಡು ಜಡೆ ಹಾಕಿಕೊಂಡು.

ಆಗ ನಾವು ಆಂಟಾಪ್ ಹಿಲ್‌ನ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿದ್ದೆವು. ನಿಮ್ಮ ತಾತನ ಆಫೀಸು ಫೋರ್ಟ್‌ನಲ್ಲಿ. ಒಂದು ಕೋಣೆ, ಒಂದು ಅಡಿಗೆಮನೆ, ನಾಲ್ಕು ಬಟ್ಟೆ ಒಣಹಾಕುವಷ್ಟು ಗ್ಯಾಲರಿ. ನಾವು ಮೂವರಲ್ಲದೆ ಮನೆಯಲ್ಲಿ ನಿಮ್ಮ ತಾತನ ಸೋದರತ್ತೆಯೂ ಇದ್ದರು, ಅಂದರೆ ಅವರ ತಂದೆಯ ತಂಗಿ. ನಾನೂ ಅವರನ್ನು ಅತ್ತೆ ಎಂದೇ ಕರೆಯುತ್ತಿದ್ದೆ. ಸಣ್ಣ ಆಳು, ಸಣ್ಣ ಕೈ, ಹಣೆಯಲ್ಲಿ ಮಾತ್ರ ಕಾಸಿನಗಲ ಕುಂಕುಮ.

ಆ ಕುಂಕುಮದ ಕಥೆ ನಿಮಗೆ ತಿಳಿದಿರಬೇಕು. ಅತ್ತೆಗೆ ಮದುವೆಯಾದ ಹೊಸತರಲ್ಲೇ ಅವರ ಯಜಮಾನರು ಮಿಲಿಟರಿಗೆ ಅಡಿಗೆಯವರಾಗಿ ಸೇರಿ ಬರ್ಮಾಕ್ಕೆ ಹೋದರು. ಜಪಾನಿನವರು ನುಗ್ಗಿದಾಗ ಸೈನ್ಯ ಕಾಡಿನ ದಾರಿ ಹಿಡಿದು ವಾಪಸು ನಡೆಯಿತು. ನಡೆದು ಬಂದವರಲ್ಲಿ ಇವರಿರಲಿಲ್ಲ. ಸತ್ತರೆಂದು ಯಾರೂ ಹೇಳಲಿಲ್ಲ, ಬದುಕಿದ್ದಾರೆಂದೂ ಹೇಳಲಿಲ್ಲ. ಹಾಗೆ ಕಾಣೆಯಾದವರಿಗೆ ಹನ್ನೆರಡು ವರ್ಷ ಕಾದು, ದರ್ಭೆಯಲ್ಲಿ ಮನುಷ್ಯನ ಆಕಾರ ಮಾಡಿ ಸುಟ್ಟು, ಕರ್ಮ ಮುಗಿಸುವುದು ನಮ್ಮಲ್ಲಿ ಪದ್ಧತಿ. ಅತ್ತೆ ಒಪ್ಪಲಿಲ್ಲ. "ಹುಲ್ಲಿನ ಬೊಂಬೆ ಸುಟ್ಟು ನನ್ನ ಕುಂಕುಮ ಅಳಿಸ್ತೀರಾ" ಎಂದು ಪುರೋಹಿತರನ್ನೇ ಕೇಳಿದರಂತೆ.

ಊರಿನವರು ಬಲವಂತ ಮಾಡಲಿಲ್ಲ. ಆದರೆ ಅರಿಶಿನ ಕುಂಕುಮಕ್ಕೆ ಕರೆಯಲು ಹೊರಟ ಹೆಂಗಸರು ಅತ್ತೆಯ ಬಾಗಿಲ ಹತ್ತಿರ ಬಂದಾಗ ಹೆಜ್ಜೆ ಜೋರು ಮಾಡುತ್ತಿದ್ದರು. ಮುತ್ತೈದೆ ಎನ್ನಲು ಹೆದರಿಕೆ, ಅಲ್ಲ ಎನ್ನಲೂ ಹೆದರಿಕೆ. ನಮ್ಮ ಮಾವನವರು ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆ ಮುಂಬೈಗೆ ಬಂದರು. ಇಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಪಕ್ಕದ ಮನೆಯ ಮರಾಠಿ ಹೆಂಗಸು, ನಾವೆಲ್ಲ ಕಾಕು ಎಂದು ಕರೆಯುತ್ತಿದ್ದವರು, ಒಂದು ಸಲ "ಅಜ್ಜಿ, ಯಜಮಾನರು ಊರಿನಲ್ಲಿದ್ದಾರಾ" ಎಂಬರ್ಥದಲ್ಲಿ ಏನೋ ಕೇಳಿದರು. ಅತ್ತೆ ನಮ್ಮ ಕಡೆಯವರು ಆಡಿಸುವ ಹಾಗೆ ತಲೆ ಆಡಿಸಿದರು. ಅದು ಹೌದೋ ಅಲ್ಲವೋ ಈ ಊರಿನವರಿಗೆ ಎಂದಾದರೂ ತಿಳಿದಿದ್ದುಂಟೆ? ಆವತ್ತಿನಿಂದ ಪ್ರತಿ ಸಂಕ್ರಾಂತಿಗೆ ಕಾಕು ಮನೆಯ ಹಳದಿ ಕುಂಕುಮಕ್ಕೆ ಅತ್ತೆಗೆ ಮೊದಲ ಕರೆ. ಅಲ್ಲಿ ಮುತ್ತೈದೆಯರಿಗೆ ಕೊಡುವ ಸಣ್ಣ ಸ್ಟೀಲಿನ ಬಟ್ಟಲುಗಳನ್ನು ಅತ್ತೆ ಬಳಸುತ್ತಿರಲಿಲ್ಲ, ದೇವರ ಗೂಡಿನ ಕೆಳಗೆ ಒರೆಸಿ ಒರೆಸಿ ಇಡುತ್ತಿದ್ದರು.

ಹೀಗಿರುವಾಗ ಆ ಧಾರಾವಾಹಿ ಶುರುವಾಯಿತು. ಬರ್ಮಾದಿಂದ ಹಿಂದಕ್ಕೆ ನಡೆದು ಬಂದ ಸೈನಿಕರ ಕಥೆ ಎಂದು ನಿಮ್ಮ ತಾತ ಯೋಚಿಸದೆ ಅತ್ತೆಯ ಮುಂದೆ ಹೇಳಿಬಿಟ್ಟರು. ಮುಂದಿನ ಭಾನುವಾರ ಅತ್ತೆ ಬೆಳಗಾಗುವುದರೊಳಗೆ ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು, ಟಿವಿ ಎದುರು ಚಾಪೆಯ ಮೇಲೆ ಕೂತಿದ್ದರು.

"ಅತ್ತೆ, ಇದು ನಾಟಕ. ನಿಜವಾದ ಜನ ಅಲ್ಲ" ಎಂದರು ನಿಮ್ಮ ತಾತ.

"ಗೊತ್ತು ಕಣೋ, ನಾನೇನು ದಡ್ಡಿಯಾ? ಆದರೂ ವಿಚಾರಿಸದೆ ತೆಗೀತಾರಾ" ಎಂದರು ಅತ್ತೆ.

ವಿಚಾರಿಸಿದ್ದರೆ ಒಂದಲ್ಲ ಒಂದು ವಾರ ಹಿಂದೆ ಉಳಿದವರಿಗೆ ಏನಾಯಿತು ಎಂದು ತೋರಿಸಲೇಬೇಕು. ಅದೇ ನನ್ನ ಹೆದರಿಕೆ. ಒಂದು ಪೆಟ್ಟಿಗೆಯೊಳಗಿನಿಂದ ಯಾರೋ ಗುರುತಿಲ್ಲದವರು ಒಂದು ಮಾತು ಆಡಿದರೆ ಸಾಕು, ಇಷ್ಟು ವರ್ಷ ಊರೇ ಅಳಿಸಲಾರದ ಕುಂಕುಮವನ್ನು ಅತ್ತೆ ತಾವೇ ಅಳಿಸಿಕೊಂಡಾರು ಎಂದು ನಾನು ಒಗ್ಗರಣೆ ಸೀಯಿಸಿಕೊಂಡು ಅಡಿಗೆಮನೆಯ ಬಾಗಿಲಲ್ಲೇ ನಿಂತಿರುತ್ತಿದ್ದೆ.

ಧಾರಾವಾಹಿ ಏನೂ ಚೆನ್ನಾಗಿರಲಿಲ್ಲ. ವಾರಗಟ್ಟಲೆ ಕಾಡಿನಲ್ಲಿ ನಡೆದವರ ಕೆನ್ನೆ ನುಣ್ಣಗೆ ಹೊಳೆಯುತ್ತಿತ್ತು, ಅಂಗಿ ಇಸ್ತ್ರಿ ಮಾಡಿದ ಹಾಗಿತ್ತು. ಜಪಾನಿನವರೂ ಶುದ್ಧ ಹಿಂದಿಯಲ್ಲಿ ಬೈಯುತ್ತಿದ್ದರು. ಬರ್ಮಾದ ಗುಡ್ಡವೆಂದು ತೋರಿಸಿದ್ದು ಗೋರೆಗಾಂವ್‌ನ ಗುಡ್ಡ ಎಂದು ನಿಮ್ಮ ತಾತ ಪಣ ಕಟ್ಟಿದರು; ಮೂಲೆಯಲ್ಲಿ ಕರೆಂಟ್ ಕಂಬವನ್ನು ಅವರೇ ಪತ್ತೆ ಮಾಡಿದ್ದರು. ಟಿವಿ ಇಲ್ಲದ ಕಾಕು ನಮ್ಮಲ್ಲಿಗೇ ನೋಡಲು ಬರುತ್ತಿದ್ದರು. ಅವರೂ ಬಟಾಣಿ ಸುಲಿಯುತ್ತಾ ನಗುತ್ತಿದ್ದರು. ಅತ್ತೆಯ ದೂರು ಬೇರೆ.

"ಇಷ್ಟು ಜನ ನಡೀತಾ ಇದಾರಲ್ಲ, ಇವರಿಗೆ ಊಟ ಹಾಕೋರು ಯಾರು?"

"ದಾರೀಲಿ ಉಡುಪಿ ಹೋಟೆಲ್ ಇರಬೇಕು ಅಜ್ಜಿ" ಎಂದಳು ನಿಮ್ಮ ಅಮ್ಮ.

ಅತ್ತೆಗೆ ನಗು ಬರಲಿಲ್ಲ. ಒಂದು ವಾರ ಗಾಡಿಯ ಮೇಲೆ ಅನ್ನ ಬೇಯಿಸುವ ಒಂದು ಕೊಳದಪ್ಪಲೆ ಹೋಯಿತು. ಅತ್ತೆ ಮೊಣಕಾಲ ಮೇಲೆ ಎದ್ದರು. ಅಷ್ಟರಲ್ಲಿ ಕ್ಯಾಮೆರಾ ಕಥಾನಾಯಕ ಆಫೀಸರನ ಪ್ರೇಯಸಿಯ ಕಡೆ ತಿರುಗಿತು. ಅವಳು ಕಿಟಕಿ ಹಿಡಿದುಕೊಂಡು ಪೂರ್ತಿ ಒಂದು ಹಾಡು ಹಾಡಿದಳು.

ಆಮೇಲೆ ಆ ವಾರ ಬಂತು. ನದಿ ದಾಟಿದ ಆಫೀಸರನನ್ನು ಮೇಲಧಿಕಾರಿ ಕೇಳಿದ, ಹಿಂದೆ ಬಿಟ್ಟು ಬಂದವರು ಏನಾದರು ಎಂದು. ಆಫೀಸರ್ ಟೋಪಿ ತೆಗೆದು ಹೇಳಿದ: "ಸಬ್ ಖೇತ್ ರಹೇ."

ನನಗೆ ಅರ್ಥವಾಗಲಿಲ್ಲ. ನನ್ನ ಹಿಂದಿ ತರಕಾರಿಯವನಿಂದ ಬಂದದ್ದು, ಅತ್ತೆಯದೂ ಅಷ್ಟೆ. ಅವನು ದಿನಾ ಮೆಂತ್ಯದ ಕಟ್ಟು ಎತ್ತಿ ಹಿಡಿದು, ಸೀದಾ ಖೇತ್‌ನಿಂದ ತಂದೆ, ಹೊಲದಿಂದ ತಂದೆ ಎಂದು ಕೂಗುತ್ತಿದ್ದ. ಅತ್ತೆ ನನ್ನ ಮೊಣಕೈ ಹಿಡಿದರು.

"ಕೇಳಿಸ್ತೇನೇ? ಎಲ್ಲರೂ ಹೊಲದಲ್ಲಿ ಇದ್ದುಬಿಟ್ಟರಂತೆ. ನಾನು ಹೇಳಲಿಲ್ವಾ, ವಿಚಾರಿಸದೆ ತೆಗೆಯಲ್ಲ ಅಂತ."

ನಿಮ್ಮ ತಾತ ಟಿವಿಯಿಂದ ಕಣ್ಣು ತೆಗೆಯಲಿಲ್ಲ. ನಿಮ್ಮ ಅಮ್ಮ ನನ್ನ ಸೆರಗು ಜಗ್ಗಿ ಅಡಿಗೆಮನೆಗೆ ಕರೆದುಕೊಂಡು ಹೋದಳು.

"ಅಮ್ಮ, ಅಜ್ಜಿ ತಪ್ಪು ತಿಳ್ಕೊಂಡಿದಾರೆ. ಅದು ಹಿಂದಿ ನುಡಿಗಟ್ಟು. ಖೇತ್ ರೆಹನಾ ಅಂದ್ರೆ ಯುದ್ಧದಲ್ಲಿ ಸಾಯೋದು. ನಮಗೆ ಎಕ್ಸಾಮ್‌ಗೆ ಬಂದಿತ್ತು."

"ಹೊಲದಲ್ಲಿ ಇರೋದು ಅಂದ್ರೆ ಸಾಯೋದು ಹೇಗಾಗುತ್ತೆ?"

"ನಂಗೇನು ಗೊತ್ತು. ಆನ್ಸರ್ ಅದೇ."

"ಅಜ್ಜಿ ಮುಂದೆ ಬಾಯಿ ಬಿಡಬೇಡ."

"ಸುಳ್ಳು ಹೇಳ್ಬೇಕಾ?"

"ಸುಳ್ಳು ಹೇಳು ಅಂದ್ನಾ? ಸುಮ್ನಿರು ಅಂದೆ."

ಹೊರಗೆ ಅತ್ತೆ ನಿಮ್ಮ ತಾತನಿಗೆ ವಿವರಿಸುತ್ತಿದ್ದರು. ಅವರ ಯಜಮಾನರಿಗೆ ಅಡಿಗೆಗಿಂತ ಹೊಲದ ಕೆಲಸವೇ ಚೆನ್ನಾಗಿ ಬರುತ್ತಿತ್ತಂತೆ. ಕೈಯಿಟ್ಟರೆ ಹುರುಳಿಯೂ ಸೊಂಪಾಗಿ ಏಳುತ್ತಿತ್ತಂತೆ. ಅಲ್ಲಿಯ ನೆಲ ಒಳ್ಳೆಯದಿರಬೇಕು, ಅದಕ್ಕೇ ಬಿಟ್ಟು ಬರಲಾಗಲಿಲ್ಲ. ಅಲ್ಲಿ ಬೇರೆ ಸಂಸಾರ ಇದ್ದರೂ ಇರಬಹುದು. "ಇರಲಿ ಬಿಡು. ಗಂಡಸು, ಒಬ್ಬರೇ ಬೇಯಿಸ್ಕೊಂಡು ಎಷ್ಟು ದಿನ ಇರ್ತಾರೆ" ಎಂದರು ಅತ್ತೆ. ಆ ಮಾತು ಹೇಳುವಾಗ ಅವರ ಮುಖದಲ್ಲಿ ನಾನು ಎಂದೂ ನೋಡದ ನಿರಾಳ ಇತ್ತು.

ಒಬ್ಬರೇ ಸಿಕ್ಕಾಗ ನಿಮ್ಮ ತಾತನನ್ನು ಕೇಳಿದೆ. "ರೀ, ಈಗೇನು ಮಾಡೋದು?"

"ಏನೂ ಮಾಡೋ ಹಾಗಿಲ್ಲ. ಕೊನೇ ಕಂತಲ್ಲಿ ತೋರಿಸೇ ತೋರಿಸ್ತಾರೆ. ಹೆಣ ತೋರಿಸದೆ ಯುದ್ಧ ಮುಗಿಸ್ತಾರಾ?"

"ಟಿವಿ ಕೆಟ್ಟಿದೆ ಅಂದುಬಿಡೋಣ."

"ಪಕ್ಕದ ಬಿಲ್ಡಿಂಗಿಗೆ ಹೋಗಿ ನೋಡ್ತಾರೆ. ನಮ್ಮತ್ತೆ ನಿನಗಿನ್ನೂ ಗೊತ್ತಿಲ್ಲ."

ಇದಕ್ಕಿಂತ ದೊಡ್ಡ ಆತಂಕ ಮಾರನೆಯ ದಿನ ಗ್ಯಾಲರಿಯಲ್ಲಿ ಬಂತು. ಬಟ್ಟೆ ಒಣಹಾಕುತ್ತಾ ಅತ್ತೆ ಕಾಕುವನ್ನು ಕರೆದು, ಇಷ್ಟು ವರ್ಷ ತಲೆಯಾಡಿಸಿ ತಪ್ಪಿಸಿಕೊಂಡ ಮಾತನ್ನು ತಾವಾಗಿ ಹೇಳಿದರು. "ಬಾಯಿ, ಮೇರಾ ಆದ್ಮಿ ಬರ್ಮಾ ಮೇ ಹೈ. ಖೇತ್ ರಹೇ." ನನ್ನ ಯಜಮಾನರು ಬರ್ಮಾದಲ್ಲಿದ್ದಾರೆ ಎಂದು ಹೇಳಿ, ಮುಂದಿನದನ್ನು ಟಿವಿಯಲ್ಲಿ ಕೇಳಿದ ಹಾಗೇ ಒಪ್ಪಿಸಿದರು, ಮಗು ಪದ್ಯ ಒಪ್ಪಿಸುವ ಹಾಗೆ.

ಕಾಕುವಿನ ಕೈಯಲ್ಲಿದ್ದ ಒದ್ದೆ ಬಟ್ಟೆ ಅಲ್ಲೇ ನಿಂತಿತು. "ಅಚ್ಛಾ" ಎಂದರು. ಬಕೆಟ್ ಎತ್ತಿಕೊಂಡು ಒಳಗೆ ಹೋದರು.

ಕಾಕುವಿಗೆ ಆ ಮಾತಿನ ಅರ್ಥ ಗೊತ್ತಿತ್ತೇ? ಗೊತ್ತಿದ್ದರೆ ನಮ್ಮನ್ನು ಎಂಥವರು ಎಂದುಕೊಂಡರು? ಗಂಡ ಸತ್ತವಳನ್ನು ವರ್ಷವರ್ಷವೂ ಹಬ್ಬಕ್ಕೆ ಕಳಿಸಿದರು ಎಂದುಕೊಂಡರೇ? ಸಂಕ್ರಾಂತಿ ಹತ್ತಿರ ಬಂದಿತ್ತು. ಹಂಚುವ ಬಟ್ಟಲುಗಳ ಪೊಟ್ಟಣ ಕಾಕು ತಂದದ್ದನ್ನು ನಾನೇ ಮೆಟ್ಟಿಲಲ್ಲಿ ನೋಡಿದ್ದೆ. ಮೇಲಿನ ಮಹಡಿಯವರನ್ನು, ಕೆಳಗಿನವರನ್ನು ಕರೆದಾಗಿತ್ತು. ನಮ್ಮ ಬಾಗಿಲಿಗೆ ಬಂದಿರಲಿಲ್ಲ. ಎಂದಾದರೂ ಎದುರಾದರೆ ಕೇಳಬೇಕೆಂದು ಒಂದು ಹಿಂದಿ ವಾಕ್ಯ ಕೂಡಿಸಿಕೊಂಡು ಬಾಗಿಲ ಹಿಂದೆ ನಿಂತು ಬಾಯಿಪಾಠ ಮಾಡುತ್ತಿದ್ದೆ. ಕಾಕುವಿನ ಚಪ್ಪಲಿ ಸದ್ದು ಕೇಳಿದರೆ ಮಾತೆಲ್ಲ ಮರೆತು ಒಳಗೆ ಹೋಗಿಬಿಡುತ್ತಿದ್ದೆ. ನನ್ನ ಸ್ವಭಾವವೇ ಹಾಗೆ. ಅತ್ತೆ ಮಾತ್ರ ಹಳೆಯ ಬಟ್ಟಲುಗಳನ್ನು ಸರಿಸಿ ಹೊಸದಕ್ಕೆ ಜಾಗ ಮಾಡಿಟ್ಟಿದ್ದರು.

ಸಂಕ್ರಾಂತಿಯ ಹಿಂದಿನ ದಿನವೇ ಕೊನೆಯ ಕಂತು. ಹೊತ್ತಿಗೆ ಸರಿಯಾಗಿ ಕಾಕು ಬಂದು ಎಂದಿನ ಜಾಗದಲ್ಲಿ ಕೂತರು. ಮುಖದಲ್ಲಿ ಏನೂ ತಿಳಿಯಲಿಲ್ಲ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಆಫೀಸರ್ ಕುದುರೆಯ ಮೇಲೆ ನದಿಯ ದಡಕ್ಕೆ ಬಂದಾಗ, ಈಗ ತೋರಿಸುತ್ತಾರೆ ಎಂದು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅವನು ಮನೆಗೆ ಬಂದಿದ್ದ. ಅವನ ತಾಯಿ ಆರತಿ ಎತ್ತುತ್ತಿದ್ದಳು. ಪ್ರೇಯಸಿ ಕಿಟಕಿ ಬಿಟ್ಟು ಕೆಳಗಿಳಿದು ಬಂದಿದ್ದಳು. ಮದುವೆಯಾಯಿತು. ಬ್ಯಾಂಡ್ ಬಾರಿಸಿದರು. ಹೆಸರುಗಳು ಮೇಲೆ ಹೋದವು. ಅಷ್ಟೆ.

"ಇಷ್ಟೇನಾ?" ನಿಮ್ಮ ತಾತ ಎದ್ದು ಟಿವಿಯ ತಲೆಗೆ ಒಂದು ಪೆಟ್ಟು ಕೊಟ್ಟರು, ಉಳಿದದ್ದು ಒಳಗೆ ಸಿಕ್ಕಿಕೊಂಡಿದೆಯೋ ಎನ್ನುವ ಹಾಗೆ. "ಅಷ್ಟು ಜನ ಹಿಂದೆ ಉಳಿದರಲ್ಲ, ಅವರ ಮಾತೇ ಇಲ್ಲ. ಇವನ ಮದುವೆ ನೋಡೋಕೆ ಇಷ್ಟು ಭಾನುವಾರ ಹಾಳು ಮಾಡಿಕೊಂಡ್ವಾ?"

ಹೆದರಿ ಸಾಯುತ್ತಿದ್ದವರಲ್ಲಿ ಅವರೂ ಒಬ್ಬರು. ಆದರೂ ಅವರಿಗೆ ನಿಜವಾಗಿ ಸಿಟ್ಟು ಬಂದಿತ್ತು. ನನಗೂ ಎದೆ ಹಗುರವಾಗಬೇಕಿತ್ತು, ಆಗಲಿಲ್ಲ. ಅತ್ತೆಯ ಮುಖ ನೋಡಿದೆ.

"ಅಡಿಗೆಯವರನ್ನೂ ತೋರಿಸಲಿಲ್ಲ, ಹೊಲಾನೂ ತೋರಿಸಲಿಲ್ಲ. ಇನ್ನೇನು ಯುದ್ಧ ತೋರಿಸಿದ ಹಾಗಾಯ್ತು" ಎಂದರು ಅತ್ತೆ. ಆಮೇಲೆ ಕಾಕುವಿನ ಕಡೆ ತಿರುಗಿದರು. "ಬಾಯಿ, ಖೇತ್ ನಹೀ ದಿಖಾಯಾ."

ನಿಮ್ಮ ಅಮ್ಮ ಉಗುರು ಕಚ್ಚುತ್ತಾ ನನ್ನನ್ನು ನೋಡಿದಳು. ಕಾಕು ಮಡಿಲಿನ ಬಟಾಣಿ ಸಿಪ್ಪೆಯನ್ನು ಪೇಪರಿಗೆ ಕೊಡವಿದರು, ನಿಧಾನವಾಗಿ ಎದ್ದರು.

"ಹೋ ಆಜಿ, ನಾಹೀ ದಾಖವಲಂ. ವೇಡೇ ಲೋಕ್." ತೋರಿಸಲಿಲ್ಲ, ಹುಚ್ಚು ಜನ ಎಂದರ್ಥ. ಬಾಗಿಲ ಹತ್ತಿರ ಹೋಗಿ ಚಪ್ಪಲಿಗೆ ಕಾಲು ತೂರಿಸುತ್ತಾ, ನನ್ನನ್ನಲ್ಲ, ಅತ್ತೆಯನ್ನೇ ನೋಡಿ ಹೇಳಿದರು. "ಉದ್ಯಾ ಯಾ. ಹಳದೀ ಕುಂಕವಾಲಾ. ಲವಕರ್ ಯಾ." ನಾಳೆ ಬನ್ನಿ, ಬೇಗ ಬನ್ನಿ.

ನಾನು ಬಾಗಿಲ ಚೌಕಟ್ಟು ಬಿಟ್ಟು ಬಂದು, ಕಾಕು ಸಿಪ್ಪೆ ಕೊಡವಿದ ಪೇಪರನ್ನು ಮಡಚಿದೆ.

ಇದಾಗಿ ಕೆಲವು ವರ್ಷಗಳ ಮೇಲೆ, ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತಾ ಅತ್ತೆ ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ನಿಮ್ಮ ತಾತ ಸಂಸ್ಕಾರದ ಸಾಮಾನು ತರಲು ಹೋಗಿದ್ದರು. ಮಾಟುಂಗಾದಿಂದ ಬಂದ ನಮ್ಮ ಕಡೆಯ ಪುರೋಹಿತರು ಬಾಗಿಲಲ್ಲಿ ನಿಂತು, ಮನೆಯಲ್ಲಿ ಬೇರೆ ಗಂಡಸರು ಕಾಣದೆ, ನನ್ನನ್ನೇ ಕೇಳಿದರು.

"ಮುತ್ತೈದೆಯೇನಮ್ಮಾ? ಅಲಂಕಾರ ಬೇರೆ ಆಗುತ್ತೆ, ಅದಕ್ಕೆ ಕೇಳಿದೆ. ಇವರ ಯಜಮಾನರು ಎಲ್ಲಿದ್ದಾರೆ?"

ನಾನು ಗುರುತಿಲ್ಲದ ಗಂಡಸರ ಎದುರು ಬಾಯಿ ಬಿಟ್ಟವಳಲ್ಲ. ನಿಮ್ಮ ಅಮ್ಮ ಪಕ್ಕದಲ್ಲಿದ್ದಳು, ಅವಳೇ ಹೇಳಲಿ ಎಂದು ನೋಡಿದೆ. ಸುಮ್ಮನಿರು ಎಂದು ನಾನೇ ಕಲಿಸಿದ್ದೆನಲ್ಲ, ಅವಳು ಸುಮ್ಮನೇ ಇದ್ದಳು.

"ಹೊಲದಲ್ಲಿದ್ದಾರೆ" ಎಂದೆ. ನನ್ನ ಧ್ವನಿ ನನಗೇ ಜೋರಾಗಿ ಕೇಳಿಸಿತು. "ದೂರ. ಬರೋಕಾಗಲ್ಲ."

ಪುರೋಹಿತರು ಚೀಲ ಕೆಳಗಿಟ್ಟರು. "ಹಾಗಾದರೆ ಹಸಿರು ಬಳೆ ಬೇಕಲ್ಲ" ಎಂದರು.

ಹಸಿರು ಬಳೆ ಮನೆಯಲ್ಲಿರಲಿಲ್ಲ. ಅತ್ತೆಯ ತಲೆಯ ಹತ್ತಿರ ಕೂತಿದ್ದ ಕಾಕು ಏನು ಬೇಕೆಂದು ನಿಮ್ಮ ಅಮ್ಮನನ್ನು ಕೇಳಿದರು. ಅವಳು ಮರಾಠಿಯಲ್ಲಿ ಹೇಳಿದಳು. ಕಾಕು ಎದ್ದು ತಮ್ಮ ಮನೆಗೆ ಹೋಗಿ, ಹಬ್ಬಕ್ಕೆಂದು ತೆಗೆದಿಟ್ಟಿದ್ದ ಹೊಸ ಬಳೆಗಳನ್ನು ತಂದು ನನ್ನ ಕೈಗೆ ಕೊಟ್ಟರು. ಆ ಮಾತಿನ ಅರ್ಥ ಅವರಿಗೆ ಮೊದಲಿನಿಂದ ಗೊತ್ತಿತ್ತೋ ಇಲ್ಲವೋ, ನಾನು ಆಗಲೂ ಕೇಳಲಿಲ್ಲ. ಇಬ್ಬರೂ ಆಚೆಗೊಬ್ಬರು ಈಚೆಗೊಬ್ಬರು ಕೂತು ತೊಡಿಸಿದೆವು. ಅತ್ತೆಯ ಕೈ ಸಣ್ಣದು. ಎಣ್ಣೆ ಹಚ್ಚುವುದೂ ಬೇಕಾಗಲಿಲ್ಲ, ಬಳೆ ಸಲೀಸಾಗಿ ಏರಿತು.